ಲಾರ್ಡ್ ಲಿಸ್ಟರ್

ಮುರಿದ ಮೂಳೆಯು ಚರ್ಮವನ್ನು ಸೀಳಿಕೊಂಡು ಹೊರಬಂದಿತೆಂದರೆ, ನೂರೈವತ್ತು ಅರುವತ್ತು ವರ್ಷಗಳ ಹಿಂದೆ ಯೂರೋಪಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿಯೂ ಶಸ್ತ್ರವೈದ್ಯನು ಕೈಗೆತ್ತಿಕೊಳ್ಳುತ್ತಿದ್ದುದು ಗರಗಸವನ್ನು. ಚರ್ಮದ ಒಳಗೇ ಮುರಿದ ಮೂಳೆ ದಬ್ಬೆ ಕಟ್ಟಿದರೆ ಕೂಡಿಕೊಳ್ಳುವುದೆಂಬುದು ನಮ್ಮ ಹಳ್ಳಿಗಳವರಿಗೂ ತಿಳಿದಿತ್ತು. ಆದರೆ ಗಾಯವು ಬಾಯಿ ತೆರೆದಿದ್ದರೆ ಕೆಲವೇ ದಿನಗಳಲ್ಲಿ ಕೀವುಗಟ್ಟಿ, ನಂಜೇರಿ, ರೋಗಿಯು ಸಾಯುವುದೇ ಹೆಚ್ಚು. ಆದುದರಿಂದ ಕೈಯನ್ನೋ ಕಾಲನ್ನೋ ತೆಗೆದು ಪ್ರಾಣವನ್ನು ಉಳಿಸಲು ನೋಡುವುದೇ ಜಾಣತನವೆನಿಸಿತ್ತು. ಹಾಗೆ ತೆಗೆದ ಮೇಲೂ ಪ್ರಾಣ ಉಳಿಯುವ ಭರವಸೆಯಿರಲಿಲ್ಲ. ಈ ದುಃಸ್ಥಿತಿಯನ್ನು ಬದಲಾಯಿಸಿದವನು ಜೋಸೆಫ್ ಲಿಸ್ಟರ್.

ಲಿಸ್ಟರನು 1827ನೆಯ ಇಸವಿ ಏಪ್ರಿಲ್ 5ರಂದು ಲಂಡನ್ನಿಗೆ ಸಮೀಪದ ಅಪ್ಟನ್ ಎಂಬಲ್ಲಿ ಹುಟ್ಟಿದನು. ತಂದೆ ದ್ರಾಕ್ಷಾರಸದ ವರ್ತಕ. ಆದರೆ ಆತನ ಮನಸ್ಸೆಲ್ಲ ಗಾಜಿನ ಮಸೂರಗಳ ಮೇಲೆ. ಸೂಕ್ಷ್ಮದರ್ಶಕ ಯಂತ್ರವನ್ನು ಬಹಳ ಮಟ್ಟಿಗೆ ಸುಧಾರಿಸಿ ರಾಯಲ್ ಸೊಸೈಟಿಯ ಸದಸ್ಯತ್ವವನ್ನು ಪಡೆದವನು ಅವನು. ಕಣ್ಣಿಗೆ ಕಾಣದುದೂ ಇದೆಯೆಂಬ ಪಾಠವು ಮಗನಿಗೆ ಮನೆಯಲ್ಲಿಯೇ ಆಯಿತು. ಅವರದು ಕ್ವೇಕರ್ ಪಂಥದ ಕುಟುಂಬ. ಅಂದಿನ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಪದವಿಗಳು ಆ ಪಂಥದವರಿಗೆ ದೊರೆಯುತ್ತಿರಲಿಲ್ಲವಾದ್ದರಿಂದ ಹುಡುಗನು ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿದನು. ನಮ್ಮ ಕಾಲೇಜಿನವರಿಗೆ ಹಿತವಾಗುವ ಒಂದು ಸಂಗತಿಯೆಂದರೆ, ಜಗತ್ತಿನ ಶಸ್ತ್ರವೈದ್ಯವನ್ನು ತಿದ್ದಿದ ಈತನು ಮೊದಲು ಪಡೆದುದು ಬಿ.ಎ. ಪದವಿ, 1847ರಲ್ಲಿ. ವೈದ್ಯಪದವಿ ಬಂದುದು 1852ರಲ್ಲಿ.

ಮರುವರ್ಷ ಆತನು ಎಡಿನ್‌ಬರೋ ನಗರಕ್ಕೆ ಹೋಗಿ ಜೇಮ್ಸ್ ಸೈಮ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನ ಬಳಿ ನಿಂತನು. 1856ರಲ್ಲಿ ಗುರುವಿನ ಮಗಳು ಆಗ್ನೆಸಳನ್ನು ಮದುವೆಯಾಗುವುದಕ್ಕಾಗಿ ತನ್ನ ಪಂಥವನ್ನೇ ತೊರೆದನು. ಆ ದಂಪತಿಗಳಿಗೆ ಮಕ್ಕಳಾಗಲಿಲ್ಲ. ಆಕೆಯು ಗಂಡನ ಪ್ರಯೋಗಗಳಲ್ಲಿ ನೆರವಾಗಿ, ಟಿಪ್ಪಣಿಗಳನ್ನು ತನ್ನ ಕೈಯಿಂದಲೇ ಬರೆದಿಟ್ಟಳು. ದೊಡ್ಡವರ ಚರಿತ್ರೆಗಳಲ್ಲಿ ಇಂತಹ ಹೆಂಗಸರಿಗೆ ಒಂದು ಸಾಲಿಗಿಂತ ಹೆಚ್ಚು ದೊರೆಯುವುದು ಅಪರೂಪ. ನಾನೂ ಎರಡು ಸಾಲಿಗೇ ನಿಲ್ಲಿಸುತ್ತಿರುವೆನು.

1860ರಲ್ಲಿ ಲಿಸ್ಟರನು ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕನಾಗಿ, ಮರುವರ್ಷ ಅಲ್ಲಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯ ವಾರ್ಡುಗಳನ್ನು ವಹಿಸಿಕೊಂಡನು. 1849ರ ಕಾಲರಾದಲ್ಲಿ ಸತ್ತವರನ್ನು ಹೂಳಿದ ಗುಂಡಿಯು ಆತನ ವಾರ್ಡಿನ ಪಕ್ಕದಲ್ಲಿಯೇ, ನೆಲದಿಂದ ಕೆಲವೇ ಅಂಗುಲಗಳ ಕೆಳಗೆ ಇದ್ದಿತು. ಒಬ್ಬ ರೋಗಿಯ ಗಾಯವನ್ನೊರಸಿದ ಸ್ಪಂಜು ಮತ್ತೊಬ್ಬನ ಗಾಯಕ್ಕೆ ಹೋಗುವುದು ಅಂದಿನ ಆಸ್ಪತ್ರೆಗಳ ವಾಡಿಕೆ. ವೈದ್ಯರು ರಕ್ತ ಕೀವುಗಳು ಒಣಗಿ ಗರಿಗಟ್ಟಿದ ಹಳೆಯ ಕೋಟನ್ನೇ ತೊಟ್ಟು ಶಸ್ತ್ರಕ್ರಿಯೆಗೆ ನಿಲ್ಲುತ್ತಿದ್ದರು; ಕೋಟು ಎಷ್ಟು ಕೊಳೆಯಾಗಿದ್ದರೆ ಅಷ್ಟು ಅನುಭವಸ್ಥನೆಂಬ ಗೌರವ! ನಂಜಿಗೆ ಕಾರಣವು ಕೆಟ್ಟ ಗಾಳಿಯೆಂದು ಎಲ್ಲರೂ ನಂಬಿದ್ದರು.

ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಆಂಡರ್ಸನನು ಫ್ರಾನ್ಸಿನ ಲೂಯಿ ಪಾಶ್ಚರನ ಬರಹಗಳನ್ನು ಲಿಸ್ಟರನ ಗಮನಕ್ಕೆ ತಂದನು. ಹಾಲು, ದ್ರಾಕ್ಷಾರಸಗಳು ಕೆಡುವುದು ಗಾಳಿಯಿಂದಲ್ಲ, ಸೂಕ್ಷ್ಮಜೀವಿಗಳಿಂದ ಎಂದು ಪಾಶ್ಚರನು ತೋರಿಸಿದ್ದನು. ಹಾಗಾದರೆ ಗಾಯವು ಕೊಳೆಯುವುದೂ ಅದರಿಂದಲೇ ಇರಬೇಕೆಂದು ಲಿಸ್ಟರನು ಊಹಿಸಿದನು. ಪಾಶ್ಚರನಂತೆ ಕುದಿಸಿ ಕೊಲ್ಲೋಣವೆಂದರೆ ಮನುಷ್ಯನ ಮೈಯನ್ನು ಕುದಿಸಲಾದೀತೆ? ಕಾರ್ಲೈಲ್ ಪಟ್ಟಣದಲ್ಲಿ ಚರಂಡಿಯ ದುರ್ವಾಸನೆಯನ್ನಡಗಿಸಲು ಕಾರ್ಬಾಲಿಕ್ ಆಮ್ಲವನ್ನು ಬಳಸುತ್ತಿದ್ದ ಸುದ್ದಿಯು ಆತನ ಕಿವಿಗೆ ಬಿದ್ದಿತ್ತು. ಅದನ್ನೇ ಹಿಡಿದನು.

1865ನೆಯ ಆಗಸ್ಟ್ 12ರಂದು ಜೇಮ್ಸ್ ಗ್ರೀನ್‌ಲೀಸ್ ಎಂಬ ಹನ್ನೊಂದು ವರ್ಷದ ಹುಡುಗನನ್ನು ಆಸ್ಪತ್ರೆಗೆ ಹೊತ್ತು ತಂದರು. ಗಾಡಿಯ ಚಕ್ರ ಹರಿದು ಅವನ ಕಾಲಿನ ಮೂಳೆ ಮುರಿದು ಗಾಯವು ತೆರೆದುಕೊಂಡಿತ್ತು. ಲಿಸ್ಟರನು ಗರಗಸವನ್ನು ಮುಟ್ಟಲಿಲ್ಲ. ಗಾಯವನ್ನು ಕಾರ್ಬಾಲಿಕ್ ಆಮ್ಲದಿಂದ ತೊಳೆಸಿ, ಅದರಲ್ಲಿಯೇ ಅದ್ದಿದ ಬಟ್ಟೆಯನ್ನು ಹೊದಿಸಿ, ದಬ್ಬೆ ಕಟ್ಟಿಸಿದನು. ನಾಲ್ಕು ದಿನಗಳ ಮೇಲೆ ಪಟ್ಟಿಯನ್ನು ಬಿಚ್ಚಿದಾಗ ಕೀವಿನ ವಾಸನೆಯಿರಲಿಲ್ಲ; ಆಮ್ಲದ ಉರಿಗೆ ಚರ್ಮ ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ಆರು ವಾರಗಳಲ್ಲಿ ಮೂಳೆ ಕೂಡಿತು. ಇಂತಹ ಹನ್ನೊಂದು ಮಂದಿ ರೋಗಿಗಳ ವೃತ್ತಾಂತವನ್ನು ಲಿಸ್ಟರನು 1867ರಲ್ಲಿ ಪ್ರಕಟಿಸಿದನು. ಅವರಲ್ಲಿ ಒಂಬತ್ತು ಮಂದಿ ಅಂಗವನ್ನೂ ಪ್ರಾಣವನ್ನೂ ಉಳಿಸಿಕೊಂಡರು, ಒಬ್ಬನ ಅಂಗವನ್ನು ತೆಗೆಯಬೇಕಾಯಿತು, ಒಬ್ಬನು ಸತ್ತನು. ಕೈಯ ಮಟ್ಟಿಗೇ ಹೇಳುವುದಾದರೆ, ಮೊದಲು ಆತನ ವಾರ್ಡುಗಳಲ್ಲಿ ಕೈ ಕತ್ತರಿಸಿಸಿಕೊಂಡ 12 ಮಂದಿಯಲ್ಲಿ 6 ಮಂದಿ ಸತ್ತಿದ್ದರು; ಹೊಸ ಕ್ರಮ ಬಂದ ಮೇಲೆ 12ರಲ್ಲಿ ಒಬ್ಬನು.

ಇಲ್ಲಿ ಇನ್ನೊಬ್ಬನನ್ನು ನೆನೆಯದೆ ಮುಂದೆ ಹೋಗುವುದು ನ್ಯಾಯವಲ್ಲ. ಬಾಣಂತಿಯರನ್ನು ಮುಟ್ಟುವ ಮುನ್ನ ವೈದ್ಯರು ಕೈ ತೊಳೆಯಬೇಕೆಂದು 1847ರಲ್ಲಿಯೇ ವಿಯೆನ್ನಾದಲ್ಲಿ ಹಟ ಹಿಡಿದು, ನೂರಾರು ತಾಯಂದಿರನ್ನು ಉಳಿಸಿ, ಅದಕ್ಕಾಗಿಯೇ ಅಪಹಾಸ್ಯಕ್ಕೆ ಗುರಿಯಾದ ಸೆಮ್ಮೆಲ್‌ವೈಸನು ಹುಚ್ಚಾಸ್ಪತ್ರೆಯೊಂದರಲ್ಲಿ ಗಾಯದ ನಂಜಿನಿಂದಲೇ ಸತ್ತನು. ಆತನು ಸತ್ತುದು 1865ನೆಯ ಆಗಸ್ಟ್ 13ರಂದು, ಗ್ಲಾಸ್ಗೋದ ಹುಡುಗನಿಗೆ ಪಟ್ಟಿ ಕಟ್ಟಿದ ಮರುದಿನ.

ಲಿಸ್ಟರನಿಗೂ ವಿರೋಧವೇನು ಕಡಿಮೆಯಿರಲಿಲ್ಲ. ಕ್ಲೋರೋಫಾರ್ಮನ್ನು ಬಳಕೆಗೆ ತಂದ ಸಿಂಪ್ಸನ್ನನಂತಹ ದೊಡ್ಡವನೇ ಆತನನ್ನು ಖಂಡಿಸಿದನು. ಆಮ್ಲವು ವೈದ್ಯರ, ದಾದಿಯರ ಕೈಗಳನ್ನು ಸುಟ್ಟು ಒಡೆಯಿಸುತ್ತಿದ್ದುದೂ ನಿಜ. ಮುಂದೆ ಅಮೆರಿಕದ ಬಾಲ್ಟಿಮೋರಿನಲ್ಲಿ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನು ಇಂತಹುದೇ ಔಷಧದ ನೀರಿನಲ್ಲಿ ಕೈಯದ್ದಿ ಅದ್ದಿ ಹುಣ್ಣಾಗಿದ್ದ ಕೆರೋಲಿನ್ ಹ್ಯಾಂಪ್ಟನ್ ಎಂಬ ದಾದಿಗಾಗಿ ರಬ್ಬರಿನ ಕೈಚೀಲವನ್ನು ಮಾಡಿಸಿದನು. ಇಂದು ಆಸ್ಪತ್ರೆಗಳಲ್ಲಿ ನಾವು ಕಾಣುವ ಕೈಚೀಲದ ಹುಟ್ಟಿನ ಹಿಂದೆ ರೋಗಿಯ ನೋವಲ್ಲ, ದಾದಿಯ ನೋವಿದೆ.

ಎರಡು ವರ್ಷಗಳ ಹಿಂದೆ ಬನಶಂಕರಿಯ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದು ನನ್ನ ಬಲ ಮುಂಗೈ ಮೂಳೆ ಇದೇ ರೀತಿ ಹೊರಬಂದಿತ್ತು. ಜಯನಗರದ ಆಸ್ಪತ್ರೆಯೊಂದರಲ್ಲಿ ಮೂರು ವಾರ ಮಲಗಿದ್ದೆನು. ಪಟ್ಟಿ ಬಿಚ್ಚಲು ಬರುತ್ತಿದ್ದ ಸಿಸ್ಟರ್ ಪ್ರತಿ ಸಲವೂ, ಅವಸರದ ದಿನವೂ, ಮೊದಲು ನಲ್ಲಿಯ ಬಳಿ ನಿಂತು ಮೊಣಕೈವರೆಗೆ ತೊಳೆದುಕೊಳ್ಳುವರು. ಊರಿನಿಂದ ಬಂದ ನಮ್ಮವ್ವ ನನ್ನ ಕೈಯನ್ನು ಹಿಡಿದುಕೊಳ್ಳಹೋದಾಗ, ಕೈ ತೊಳೆದುಕೊಂಡು ಬಂದು ಮುಟ್ಟುವಂತೆ ಆಕೆ ಹೇಳಿದರು. ಅವ್ವನಿಗೆ ಮೊದಲು ಮುಖ ಸಣ್ಣದಾಯಿತು. ಆಮೇಲೆ ತೊಳೆದುಕೊಂಡೇ ಬಂದಳು. ಆಸ್ಪತ್ರೆಯಿಂದ ಹೊರಟ ದಿನ ಆ ಸಿಸ್ಟರಿಗೆ ಏನು ಹೇಳಬೇಕೆಂಬುದು ನನಗೆ ತೋಚಲಿಲ್ಲ. ಆಕೆಯೂ ಆಗಲೇ ಬೇರೊಬ್ಬನ ಹಾಸಿಗೆಯ ಬಳಿ ಇದ್ದರು. ಲಿಸ್ಟರನ ಚರಿತ್ರೆಯನ್ನು ನಾನು ಹುಡುಕಿ ಓದಿದುದು ಅದರ ನಂತರ. ಈ ಲೇಖನವನ್ನೂ ಆ ಕೈಯಿಂದಲೇ ಬರೆಯುತ್ತಿದ್ದೇನೆ.

ನಮ್ಮ ಊರಿಗೂ ಲಿಸ್ಟರನಿಗೂ ಒಂದು ದೂರದ ನಂಟುಂಟು. 1871ರ ಸೆಪ್ಟೆಂಬರಿನಲ್ಲಿ ವಿಕ್ಟೋರಿಯಾ ರಾಣಿಯ ಕಂಕುಳಲ್ಲಿ ದೊಡ್ಡ ಕುರು ಎದ್ದು ಕೈಯೆತ್ತಲಾರದಂತಾದಾಗ ಬಾಲ್ಮೋರಲ್ ಅರಮನೆಗೆ ಹೋಗಿ ಅದನ್ನು ಕೊಯ್ದವನು ಆತನೇ. ಕೀವು ಸರಿಯಾಗಿ ಇಳಿಯದಿರಲು ರಬ್ಬರಿನ ಸಣ್ಣ ಕೊಳವೆಯೊಂದನ್ನು ಔಷಧದಲ್ಲಿ ನೆನೆಸಿ ಗಾಯದಲ್ಲಿಟ್ಟು ಗುಣಪಡಿಸಿದನು. ಆ ರಾಣಿಯ ಆಳ್ವಿಕೆಗೆ ಅರುವತ್ತು ತುಂಬಿದ ನೆನಪಿಗಾಗಿ 1897ರಲ್ಲಿ ತಳಹದಿಯಿಟ್ಟು 1900ರ ಡಿಸೆಂಬರಿನಲ್ಲಿ ತೆರೆದುದೇ ಕೃಷ್ಣರಾಜ ಮಾರುಕಟ್ಟೆಯ ಬಳಿಯ ನಮ್ಮ ವಿಕ್ಟೋರಿಯಾ ಆಸ್ಪತ್ರೆ. ಗ್ರೀನ್‌ಲೀಸನಂತಹ ಗಾಡಿಗೆ ಸಿಕ್ಕಿದ ಬಡವರ ಮಕ್ಕಳೂ ಅಲ್ಲಿಗೆ ಬರುವುದುಂಟು.

ಲಿಸ್ಟರನು 1877ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದನು. 1897ರಲ್ಲಿ ಲಾರ್ಡ್ ಪದವಿ ದೊರೆಯಿತು. ಈ ಮರ್ಯಾದೆಗಳಿಗಿಂತ ನನ್ನ ಮನಸ್ಸಿಗೆ ಹಿಡಿಸಿದುದು ಬೇರೊಂದು. ತನ್ನ ಕೆಲಸಕ್ಕೆ ಮೂಲ ಯಾರೆಂಬುದನ್ನು ಆತನು ಎಂದೂ ಮರೆಮಾಚಲಿಲ್ಲ. 1874ರಲ್ಲಿಯೇ ಪಾಶ್ಚರನಿಗೆ ಕಾಗದ ಬರೆದು ವಂದನೆಗಳನ್ನು ಸಲ್ಲಿಸಿದ್ದನು. 1892ರ ಡಿಸೆಂಬರ್ 27ರಂದು ಪ್ಯಾರಿಸ್ಸಿನಲ್ಲಿ ಪಾಶ್ಚರನ ಎಪ್ಪತ್ತನೆಯ ಹುಟ್ಟುಹಬ್ಬ ನಡೆದಾಗ ಲಿಸ್ಟರನು ತುಂಬಿದ ಸಭೆಯಲ್ಲಿ ನಿಂತು, ಶಸ್ತ್ರವೈದ್ಯವೇ ಆತನಿಗೆ ಋಣಿಯೆಂದು ಸಾರಿದನು. ಪಾರ್ಶ್ವವಾಯುವಿನಿಂದ ಎಡಗೈ ಸ್ವಾಧೀನ ತಪ್ಪಿದ್ದ ಆ ಮುದುಕನು ಎದ್ದು ಬಂದು ಲಿಸ್ಟರನನ್ನು ತಬ್ಬಿಕೊಂಡನು.

ಮರುವರ್ಷ ಇಟಲಿಯ ಪ್ರವಾಸದಲ್ಲಿದ್ದಾಗ ಆಗ್ನೆಸಳು ತೀರಿಕೊಂಡಳು. ಅಲ್ಲಿಂದ ಮುಂದೆ ಲಿಸ್ಟರನು ವೈದ್ಯವೃತ್ತಿಯಿಂದ ಬಹುಮಟ್ಟಿಗೆ ಹಿಂದೆಗೆದನು. 1912ನೆಯ ಫೆಬ್ರುವರಿ 10ರಂದು ಕೆಂಟ್ ಪ್ರಾಂತದ ವಾಲ್ಮರ್ ಎಂಬ ಕಡಲತಡಿಯ ಊರಿನಲ್ಲಿ ಆತನ ಜೀವವು ಹೋಯಿತು. ರಾಜರನ್ನೂ ಮಹಾಕವಿಗಳನ್ನೂ ಹೂಳಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅಂತ್ಯವಿಧಿ ನಡೆಯಿತು. ಆದರೆ ದೇಹವನ್ನು ಅಲ್ಲಿ ಇರಿಸಲಿಲ್ಲ. ಆತನ ಇಚ್ಛೆಯಂತೆ ವೆಸ್ಟ್ ಹ್ಯಾಂಪ್‌ಸ್ಟೆಡ್ಡಿನ ಸಾಧಾರಣ ಸ್ಮಶಾನಕ್ಕೆ ಒಯ್ದು, ಟಿಪ್ಪಣಿಗಳನ್ನು ಬರೆದಿಟ್ಟ ಹೆಂಡತಿಯ ಪಕ್ಕದಲ್ಲಿ ಮಣ್ಣುಮಾಡಿದರು.