ಫಿನಾಯಿಲ್ ಸೀಸೆಯ ಹಿಂದಿದ್ದ ಪ್ರಾಧ್ಯಾಪಕ

ನನ್ನ ಸೇವಾವಧಿಯ ಕೊನೆಯ ವರ್ಷಗಳಲ್ಲಿ, ಜಿಲ್ಲೆಯೊಂದರ ಬೆರಳೆಣಿಕೆಯ ಗುಮಾಸ್ತ ಹುದ್ದೆಗಳಿಗೆ ಬಂದ ಅರ್ಜಿಗಳ ಕಟ್ಟುಗಳು ಒಂದು ಕೊಠಡಿಯನ್ನೇ ತುಂಬಿದ್ದವು. ಅರ್ಜಿದಾರರಲ್ಲಿ ರಸಾಯನಶಾಸ್ತ್ರದ ಸ್ನಾತಕೋತ್ತರ ಪದವೀಧರರೂ ಇದ್ದರು. ಆ ಕೊಠಡಿಯ ನೆಲಕ್ಕೆ ದಿನವೂ ಹಾಕುತ್ತಿದ್ದ ಫಿನಾಯಿಲ್ ವಾಸನೆ ಮೂಗಿಗೆ ಬಡಿದಾಗಲೆಲ್ಲ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ನೆನಪಾಗುತ್ತಿದ್ದರು.

ರಾಯ್ ಹುಟ್ಟಿದ್ದು 1861ರಲ್ಲಿ, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ರಾರುಲಿ ಗ್ರಾಮದಲ್ಲಿ. ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಪಡೆದು ಎಡಿನ್‌ಬರೋಗೆ ಹೋದರು, 1887ರಲ್ಲಿ ಡಿ.ಎಸ್‌ಸಿ. ಪದವಿ ಗಳಿಸಿದರು. ಮರಳಿದಾಗ ಉನ್ನತ ಶಿಕ್ಷಣ ಸೇವೆಯ ಬಾಗಿಲು ಭಾರತೀಯರಿಗೆ ಮುಚ್ಚಿತ್ತು. 1889ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ 250 ರೂಪಾಯಿಯ ಕೆಳದರ್ಜೆಯ ಹುದ್ದೆ ದೊರೆಯಿತು.

ತಮ್ಮ ಶಿಷ್ಯರು ಓದಿದ ರಸಾಯನಶಾಸ್ತ್ರವನ್ನು ಬದಿಗಿಟ್ಟು ಕಚೇರಿಗಳ ಬಾಗಿಲಲ್ಲಿ ನಿಲ್ಲುವುದು ಅವರನ್ನು ಕಾಡುತ್ತಿತ್ತು. ಔಷಧ ಅಂಗಡಿಗಳ ಕಪಾಟಿನಲ್ಲಿದ್ದುದೆಲ್ಲ ಹಡಗಿನಲ್ಲಿ ಬಂದ ಸರಕು. ಅದರಲ್ಲಿ ಯಾವುದನ್ನು ಇಲ್ಲಿಯೇ ಮಾಡಬಹುದೆಂದು ಅವರು ಲೆಕ್ಕ ಹಾಕತೊಡಗಿದರು. ನಿಂಬೆರಸದಿಂದ ಸಿಟ್ರಿಕ್ ಆಮ್ಲ ತೆಗೆಯುವ ಯತ್ನ ಹಣ್ಣಿನ ಬೆಲೆಯಿಂದಾಗಿ ಗಿಟ್ಟಲಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ, ಗಿಟ್ಟದ್ದನ್ನು ಬೇಗನೆ ಕೈಬಿಟ್ಟ ಈ ವಿವೇಕ ಅವರ ಸಂಶೋಧನೆಗಳಷ್ಟೇ ದೊಡ್ಡದಾಗಿ ಕಾಣುತ್ತದೆ.

ಮುಂದಿನ ಪ್ರಯೋಗ ಮೂಳೆಯದು. ಕಸಾಯಿಖಾನೆಯ ಮೂಳೆಗಳಿಂದ ಸೋಡಿಯಂ ಫಾಸ್ಫೇಟ್ ತಯಾರಿಸಲು, ಮೂಟೆಗಟ್ಟಲೆ ಮೂಳೆ ತರಿಸಿ ಬಾಡಿಗೆ ಮನೆಯ ತಾರಸಿಯ ಮೇಲೆ ಒಣಗಲು ಹರವಿದರು. ಅಕಾಲದ ಮಳೆ ಹಿಡಿಯಿತು. ಮೂಳೆಗಳು ಕೊಳೆತು ನಾರಿದವು. ಕಾಗೆಗಳು ಚೂರುಗಳನ್ನು ಕಚ್ಚಿಕೊಂಡು ಹೋಗಿ ಮಡಿವಂತರ ಅಂಗಳಗಳಲ್ಲಿ ಉದುರಿಸಿದವು. ನೆರೆಯವರು ರೇಗಿದ್ದರಲ್ಲಿ ಆಶ್ಚರ್ಯವಿಲ್ಲ. ಮಾಲನ್ನು ಊರಾಚೆಯ ಮಾಣಿಕ್‌ತಲಾಕ್ಕೆ ಸಾಗಿಸಿ ರಾತ್ರಿ ಸುಟ್ಟಾಗ, ಬೆಂಕಿ ಕಂಡು ಬಂದ ಪೊಲೀಸರಿಗೆ ಕೊಲೆಯ ಗುಮಾನಿ! ಉಳಿದ ಬೂದಿಯಿಂದ ಔಷಧದ ಲವಣ ಸಿದ್ಧವಾಯಿತು.

1892ರಲ್ಲಿ ಸುಮಾರು 700 ರೂಪಾಯಿ ಬಂಡವಾಳದಿಂದ, ಅಪ್ಪರ್ ಸರ್ಕ್ಯುಲರ್ ರಸ್ತೆಯ 91ನೆಯ ನಂಬರಿನ ಆ ಮನೆಯಲ್ಲೇ ಬೆಂಗಾಲ್ ಕೆಮಿಕಲ್ ಆರಂಭವಾಯಿತು. ಹಗಲು ಪಾಠ, ಸಂಜೆ ಕಾರ್ಖಾನೆ. ಸ್ನೇಹಿತರಾದ ಡಾ. ಅಮೂಲ್ಯಚರಣ ಬೋಸ್ ಸೇರಿಕೊಂಡ ಮೇಲೆ ಆಡುಸೋಗೆಯ ಸಿರಪ್ಪು, ಕೊಡಸಿಗೆಯ ಸಾರ, ಓಮದ ನೀರು ಸೀಸೆಗಳಿಗಿಳಿದವು; ಅವನ್ನು ಬರೆದುಕೊಡುವಂತೆ ವೈದ್ಯರನ್ನು ಬೋಸ್ ಒಲಿಸಿದರು. 1898ರಲ್ಲಿ ಪ್ಲೇಗು ಅವರನ್ನು ಬಲಿ ತೆಗೆದುಕೊಂಡಿತು. ರಾಯ್ ನಿಲ್ಲಿಸಲಿಲ್ಲ. 1901ರಲ್ಲಿ ಅದು ಲಿಮಿಟೆಡ್ ಕಂಪನಿಯಾಯಿತು. ರಸಾಯನತಜ್ಞರಾಗಿ ಸೇರಿ ವ್ಯವಸ್ಥಾಪಕರಾದ ರಾಜಶೇಖರ ಬಸು, ಪರಶುರಾಮ ಎಂಬ ಹೆಸರಿನಿಂದ ಬಂಗಾಳಿಯ ಪ್ರಸಿದ್ಧ ಹಾಸ್ಯಲೇಖಕರೂ ಆದರು. ಫಿನಾಯಿಲ್, ನುಸಿಗುಳಿಗೆ, ಕೇಶತೈಲಗಳು ಮನೆಮಾತಾದವು.

ಸರಕಾರಿ ನೌಕರಿಯ ಮೋಹವನ್ನು ಜರೆದ ರಾಯ್ ತಾವೇ ಸರಕಾರಿ ಸಂಬಳದವರಾಗಿದ್ದರೆಂದು ಕೆಲವರು ಆಕ್ಷೇಪಿಸಬಹುದು. ಮೂರು ದಶಕಕ್ಕೂ ಮಿಗಿಲಾಗಿ ಅದೇ ಸಂಬಳ ಉಂಡ ನಾನು ಆ ಮಾತನ್ನು ಆಡಲಾರೆ. ಆ ಸಂಬಳ ಎಲ್ಲಿಗೆ ಹೋಯಿತೆಂಬುದನ್ನೂ ನೋಡಬೇಕಲ್ಲ. ಅವಿವಾಹಿತರಾಗಿಯೇ ಉಳಿದ ಅವರು, 1916ರಲ್ಲಿ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಿಗೆ ಬಂದ ಮೇಲೆ ಅಲ್ಲಿನ ಕೋಣೆಯೊಂದರಲ್ಲಿ ನೆಲೆಸಿದರು. ಅರವತ್ತು ತುಂಬಿದ ಬಳಿಕ ವೇತನವನ್ನು ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. ಅವರ ಶಿಷ್ಯ ಜ್ಞಾನಚಂದ್ರ ಘೋಷ್ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1944ರ ಜೂನ್ 16ರಂದು ರಾಯ್ ಅದೇ ಕೋಣೆಯಲ್ಲಿ ತೀರಿಕೊಂಡರು.

ಕಾಲಾಂತರದಲ್ಲಿ ಬೆಂಗಾಲ್ ಕೆಮಿಕಲ್ ನಷ್ಟಕ್ಕೆ ಜಾರಿ, 1980ರಲ್ಲಿ ರಾಷ್ಟ್ರೀಕರಣಗೊಂಡಿತು. ಗುಮಾಸ್ತಗಿರಿಗೆ ಪರ್ಯಾಯವಾಗಲೆಂದು ಕಟ್ಟಿದ ಸಂಸ್ಥೆಯ ನೌಕರಿಯೂ ಹೀಗೆ ಸರಕಾರಿ ನೌಕರಿಯಾಯಿತು.