ಕರೆಂಟು ಹೋದ ರಾತ್ರಿ ಪರಿಚಯವಾದ ರಾಡ್ ಸರ್ಲಿಂಗ್

ಮೂರನೇ ಸೆಮ್ ಪರೀಕ್ಷೆ ಮುಗಿಸಿ ನಾವು ನಾಲ್ಕು ಜನ ಬುಕ್ಕಸಾಗರಕ್ಕೆ ಹೋಗಿದ್ವಿ. ನಮ್ಮಲ್ಲೊಬ್ಬನ ಅಜ್ಜಿಯ ಊರು ಅದು. ಹೊಸಪೇಟೆಯಿಂದ ಕಮಲಾಪುರ ದಾಟಿ ಕಂಪ್ಲಿ ಕಡೆ ಹೋಗುವಾಗ ಸಿಗುತ್ತೆ. ಬಾಳೆತೋಟ, ಭತ್ತದ ಗದ್ದೆ, ಪಕ್ಕದಲ್ಲೇ ತುಂಗಭದ್ರೆ, ಸುತ್ತಲೂ ಯಾರೋ ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಕಾಣೋ ಬಂಡೆಗಳು. ಹಗಲೆಲ್ಲ ಹಂಪಿ ಸುತ್ತಿ ಕಾಲು ಸೋತಿತ್ತು. ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಸಿ, ಅಜ್ಜಿ ಮಾಡಿಕೊಟ್ಟ ಮಂಡಕ್ಕಿ ವಗ್ಗರಣಿ, ಮಿರ್ಚಿ ಮುಂದಿಟ್ಟುಕೊಂಡು ಲ್ಯಾಪ್‌ಟಾಪ್ ತೆರೆದ್ವಿ. ನೆಟ್ ಸರಿಯಾಗಿ ಸಿಗ್ತಿರಲಿಲ್ಲ. ಸೀನಿಯರ್ ಒಬ್ಬರು ನೋಡಲೇಬೇಕು ಅಂತ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟಿದ್ದ ಹಳೇ ಸರಣಿ ಒಂದೇ ನಮಗೆ ಗತಿ.

ಅದರ ಹೆಸರು ದಿ ಟ್ವೈಲೈಟ್ ಜೋನ್. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1959ರಿಂದ 1964ರವರೆಗೆ ಬಂದದ್ದು. ಕಪ್ಪು-ಬಿಳುಪು, ಗ್ರಾಫಿಕ್ಸ್ ಅಂತ ಹೇಳಿಕೊಳ್ಳೋಕೆ ಏನೂ ಇಲ್ಲ. ಮಾರ್ವೆಲ್ ನೋಡಿಕೊಂಡು ಬೆಳೆದ ನಮಗೆ ಹತ್ತು ನಿಮಿಷದಲ್ಲಿ ನಿದ್ದೆ ಗ್ಯಾರಂಟಿ ಅಂದುಕೊಂಡಿದ್ವಿ. ಮೊದಲು ಹಾಕಿದ ಎಪಿಸೋಡಿನಲ್ಲಿ ಕಪ್ಪು ಸೂಟಿನ, ಕೈಯಲ್ಲಿ ಸಿಗರೇಟು ಹಿಡಿದ ಒಬ್ಬ ಗಿಡ್ಡ ಮನುಷ್ಯ ಬಂದು ಕಥೆಗೆ ಪೀಠಿಕೆ ಹಾಕಿ ಹೋದ. ಕೊನೆಗೆ ಮತ್ತೆ ಅವನದೇ ದನಿ. ಇಂಗ್ಲಿಷ್ ಬಾರದ ಅಜ್ಜಿ ಹಿಂದಿನಿಂದ ಇಣುಕಿ ನೋಡಿ, ಇವನು ಬಯಲಾಟದ ಸಾರಥಿ ಇದ್ದಂಗ ಇದ್ದಾನಲ್ಲ ಅಂದ್ರು. ನಾವು ನಕ್ಕೆವು. ಈಗ ಯೋಚಿಸಿದ್ರೆ ಅಜ್ಜಿ ಹೇಳಿದ್ದು ಬಹಳ ಸರಿ.

ಮೂರನೇದಾಗಿ ಹಾಕಿದ್ದು ದಿ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್. ಒಂದು ಸಂಜೆ ಒಂದು ಬೀದಿಯಲ್ಲಿ ಇದ್ದಕ್ಕಿದ್ದ ಹಾಗೆ ಕರೆಂಟು ಹೋಗುತ್ತೆ. ಫೋನ್ ಇಲ್ಲ, ಕಾರುಗಳೂ ಸ್ಟಾರ್ಟ್ ಆಗಲ್ಲ. ಜನ ಮನೆಯಿಂದ ಹೊರಗೆ ಬಂದು ನಿಲ್ಲುತ್ತಾರೆ. ಅಷ್ಟರಲ್ಲಿ ನಮ್ಮ ಬೀದಿಯ ದೀಪಗಳೂ ಆರಿಹೋದವು! ನಿಜವಾಗಲೂ. ಊರಿಗೆ ಅದು ದಿನದ ಮಾತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಮಗೆ ಮಾತ್ರ ಮೈ ಜುಂ ಅಂತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡ್ತಾನೇ ಇತ್ತು. ಸುತ್ತ ಕತ್ತಲು, ಎದುರಿಗೆ ಆ ಕತ್ತಲ ಬೀದಿ.

ಆ ರಾತ್ರಿಯಿಂದ ನಾವು ಆ ಸಾರಥಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ವಿ. ಈ ಲೇಖನ ಅವರ ಬಗ್ಗೆ.

ರಾಡ್‌ಮನ್ ಎಡ್ವರ್ಡ್ ಸರ್ಲಿಂಗ್ ಹುಟ್ಟಿದ್ದು 1924ರ ಡಿಸೆಂಬರ್ 25ರಂದು, ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಬೆಳೆದದ್ದು ಬಿಂಗ್‌ಹ್ಯಾಂಟನ್ ಎಂಬ ಊರಲ್ಲಿ. ಅಪ್ಪ ಅಂಗಡಿ ವ್ಯಾಪಾರ ಮಾಡುತ್ತಿದ್ದವರು. ಹುಡುಗನಿಗೆ ಬಾಯಿ ಜಾಸ್ತಿ. ಒಮ್ಮೆ ಬಿಂಗ್‌ಹ್ಯಾಂಟನ್‌ನಿಂದ ಸಿರಕ್ಯೂಸ್‌ಗೆ ಕಾರಿನಲ್ಲಿ ಹೋಗುವಾಗ ಮನೆಯವರೆಲ್ಲ ಸೇರಿ ಒಂದು ಪರೀಕ್ಷೆ ಮಾಡಿದರಂತೆ. ಯಾರೂ ಒಂದು ಮಾತೂ ಆಡಬಾರದು, ಇವನಿಗೆ ಗೊತ್ತಾಗುತ್ತಾ ನೋಡೋಣ ಅಂತ. ಎರಡು ತಾಸಿನ ದಾರಿ ಇಡೀ ಹುಡುಗ ಒಬ್ಬನೇ ಮಾತಾಡ್ತಾ ಹೋದ. ಬೇರೆಯವರು ಸುಮ್ಮನಿರೋದು ಅವನಿಗೆ ಗೊತ್ತೇ ಆಗಲಿಲ್ಲ! ಊರಿನ ಪಾರ್ಕಿನಲ್ಲಿ ಮಕ್ಕಳು ಕೂತು ತಿರುಗುವ ಮರದ ಕುದುರೆಗಳಿದ್ದವು. ಮುಂದೆ ದೊಡ್ಡವರಾಗಿ ವಾಕಿಂಗ್ ಡಿಸ್ಟೆನ್ಸ್ ಎಂಬ ಎಪಿಸೋಡಿನಲ್ಲಿ ಅದೇ ಪಾರ್ಕಿನ ನೆನಪನ್ನು ತಂದರು. ಕೆಲಸದಲ್ಲಿ ಸುಸ್ತಾದ ಒಬ್ಬಾತ ನಡೆದುಕೊಂಡೇ ತನ್ನ ಬಾಲ್ಯದ ಊರಿಗೆ, ಬಾಲ್ಯದ ಕಾಲಕ್ಕೇ ಹೋಗಿಬಿಡುವ ಕಥೆ ಅದು.

1943ರಲ್ಲಿ ಹೈಸ್ಕೂಲು ಮುಗಿಯಿತು. ಆಗ ಎರಡನೇ ಮಹಾಯುದ್ಧ. ಅವರು ತಡಮಾಡದೆ ಸೈನ್ಯ ಸೇರಿದರು. ಎತ್ತರ 5 ಅಡಿ 4 ಇಂಚು. ಆದರೂ ಹಟ ಹಿಡಿದು ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವ ಪಡೆಗೇ ಸೇರಿದರು. ಯಹೂದಿ ಹುಡುಗನಿಗೆ ಹಿಟ್ಲರನ ವಿರುದ್ಧ ಹೋರಾಡುವ ಆಸೆ ಇತ್ತು. ಕಳಿಸಿದ್ದು ಮಾತ್ರ ಜಪಾನೀಯರ ಎದುರಿಗೆ, ಫಿಲಿಪ್ಪೀನ್ಸಿಗೆ. ಲೇಟೆ ದ್ವೀಪದ ಕಾಡು, ಕೆಸರು, ಮಳೆ. ಅಲ್ಲಿ ಅವರ ಕಣ್ಣೆದುರೇ ಒಂದು ಘಟನೆ ನಡೆಯಿತು. ಹಸಿದ ಸೈನಿಕರಿಗೆ ವಿಮಾನದಿಂದ ಊಟದ ಪೆಟ್ಟಿಗೆಗಳನ್ನು ಎಸೆಯುತ್ತಿದ್ದರು. ಅವರ ಗೆಳೆಯನೊಬ್ಬ ಎಲ್ಲರನ್ನೂ ನಗಿಸುತ್ತಾ ನಿಂತಿದ್ದ. ಒಂದು ಪೆಟ್ಟಿಗೆ ನೇರ ಅವನ ಮೇಲೆ ಬಿದ್ದು ಅಲ್ಲೇ ಸತ್ತ. ಗುಂಡಿನಿಂದಲ್ಲ, ಊಟದಿಂದ. ಸರ್ಲಿಂಗ್ ಕಥೆಗಳಲ್ಲಿ ಕೊನೆಗೆ ವಿಧಿ ಹೀಗೆ ಅಡ್ಡ ತಿರುಗೋದು ಎಲ್ಲಿಂದ ಬಂತು ಅಂತ ನಮಗೆ ಇದನ್ನು ಓದಿದಾಗ ಗೊತ್ತಾಯ್ತು.

ಅವರಿಗೂ ಗಾಯಗಳಾದವು, ಪದಕಗಳೂ ಬಂದವು. ಅವರಿನ್ನೂ ಅಲ್ಲಿರುವಾಗಲೇ, 1945ರಲ್ಲಿ, ಊರಿನಲ್ಲಿ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಯುದ್ಧ ಮುಗಿದರೂ ಅದರ ಕೆಟ್ಟ ಕನಸುಗಳು ಅವರನ್ನು ಜೀವನಪೂರ್ತಿ ಬಿಡಲಿಲ್ಲ.

ಸೈನಿಕರಿಗೆ ಸರ್ಕಾರ ಕೊಡುತ್ತಿದ್ದ ಓದಿನ ಸಹಾಯಧನದಲ್ಲಿ ಒಹಾಯೋದ ಆ್ಯಂಟಿಯಾಕ್ ಕಾಲೇಜು ಸೇರಿದರು. ಮೊದಲು ತೊಗೊಂಡಿದ್ದು ದೈಹಿಕ ಶಿಕ್ಷಣ, ಆಮೇಲೆ ಸಾಹಿತ್ಯಕ್ಕೆ ಬದಲಾಯಿಸಿಕೊಂಡರು. (ಬ್ರಾಂಚ್ ಚೇಂಜ್ ಅಂದ್ರೆ ಇದು!) ಖರ್ಚಿಗೆ ಸಾಲದೆ ಹೊಸ ಪ್ಯಾರಾಚೂಟ್‌ಗಳನ್ನು ಪರೀಕ್ಷೆ ಮಾಡಲು ವಿಮಾನದಿಂದ ಜಿಗಿಯುತ್ತಿದ್ದರು. ಒಂದು ಜಿಗಿತಕ್ಕೆ 50 ಡಾಲರ್. 1948ರಲ್ಲಿ ಅದೇ ಕಾಲೇಜಿನ ಕ್ಯಾರಲ್ ಕ್ರೇಮರ್ ಅವರನ್ನು ಮದುವೆಯಾದರು. ಧರ್ಮ ಬೇರೆ ಬೇರೆ, ಎರಡೂ ಮನೆಯವರಿಗೆ ಇಷ್ಟ ಇರಲಿಲ್ಲ. 1950ರಲ್ಲಿ ಪದವಿ ಮುಗಿಸಿ ಸಿನ್ಸಿನಾಟಿಯ ರೇಡಿಯೋ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು. ಹಗಲು ರೇಡಿಯೋ ಕೆಲಸ, ರಾತ್ರಿ ಟಿವಿಗೆ ನಾಟಕ ಬರೆಯೋದು. ಕಳಿಸಿದ್ದರಲ್ಲಿ ಎಷ್ಟೋ ವಾಪಸ್ ಬರುತ್ತಿದ್ದವು.

ಅದೃಷ್ಟ ತಿರುಗಿದ್ದು 1955ರ ಜನವರಿ 12ರಂದು. ಪ್ಯಾಟರ್ನ್ಸ್ ಎಂಬ ಅವರ ನಾಟಕ ಟಿವಿಯಲ್ಲಿ ಲೈವ್ ಬಂತು. ದೊಡ್ಡ ಕಂಪನಿಯೊಂದರಲ್ಲಿ ವಯಸ್ಸಾದ ಅಧಿಕಾರಿಯನ್ನು ಅವಮಾನ ಮಾಡಿ ಮಾಡಿಯೇ ಹೊರಗೆ ಹಾಕಲು ನೋಡುವ ಕಥೆ. ಅದಕ್ಕೆ ಎಷ್ಟು ಮೆಚ್ಚುಗೆ ಬಂತು ಅಂದ್ರೆ ಮುಂದಿನ ತಿಂಗಳು ಅದೇ ನಾಟಕವನ್ನು ಮತ್ತೊಮ್ಮೆ ಲೈವ್ ಆಡಿ ತೋರಿಸಿದರು. ಎಮ್ಮಿ ಪ್ರಶಸ್ತಿ ಬಂತು. ಅವರಿಗೆ ಒಟ್ಟು ಆರು ಎಮ್ಮಿ ಬಂದಿವೆ, ಇದು ಮೊದಲನೆಯದು.

ನಮ್ಮ ಪ್ರಕಾರ ಅವರ ಜೀವನದ ಮುಖ್ಯ ಕಥೆ ಶುರುವಾಗೋದು ಇಲ್ಲಿಂದ. ಅದೇ 1955ರ ಆಗಸ್ಟ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಎಮ್ಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಜನಾಂಗದ ಹುಡುಗನನ್ನು ಕೊಂದು ನದಿಗೆ ಎಸೆದರು. ಬಿಳಿಯರಷ್ಟೇ ಇದ್ದ ಜ್ಯೂರಿ ಇಬ್ಬರು ಆರೋಪಿಗಳನ್ನೂ ಬಿಟ್ಟುಬಿಟ್ಟಿತು. ಮುಂದೆ ಅವರೇ ಒಂದು ಪತ್ರಿಕೆಗೆ ಕೊಲೆ ಒಪ್ಪಿಕೊಂಡರು. ಸರ್ಲಿಂಗ್ ಈ ಬಗ್ಗೆ ನಾಟಕ ಬರೆಯಲು ಕೂತರು. ಊರಿಗೆ ಊರೇ ಸೇರಿ ಕೊಲೆಗಾರನನ್ನು ಹೇಗೆ ಕಾಪಾಡುತ್ತೆ ಅನ್ನೋದು ಅವರ ಪ್ರಶ್ನೆ.

ಆದರೆ ಆಗ ಟಿವಿ ನಡೆಯುತ್ತಿದ್ದದ್ದು ಪ್ರಾಯೋಜಕ ಕಂಪನಿಗಳ ದುಡ್ಡಿನಲ್ಲಿ. ದಕ್ಷಿಣದ ರಾಜ್ಯಗಳ ಗ್ರಾಹಕರು ಸಿಟ್ಟಾಗಬಾರದು ಅನ್ನೋದು ಅವರ ಚಿಂತೆ. ಸತ್ತವನು ಕಪ್ಪು ಹುಡುಗ ಆಗಿರಬಾರದು, ಯಾರೋ ಪರದೇಶಿ ಇರಲಿ ಅಂದರು. ಊರು ದಕ್ಷಿಣದ್ದು ಬೇಡ, ಉತ್ತರಕ್ಕೆ ಸಾಗಿಸಿ ಅಂದರು. ದಕ್ಷಿಣದ ನೆನಪು ಬರುತ್ತೆ ಅಂತ ಸೆಟ್‌ನಲ್ಲಿದ್ದ ಕೋಲಾ ಬಾಟಲಿಗಳನ್ನೂ ತೆಗೆಸಿದರು. 1956ರ ಏಪ್ರಿಲ್‌ನಲ್ಲಿ ನೂನ್ ಆನ್ ಡೂಮ್ಸ್‌ಡೇ ಎಂಬ ಹೆಸರಲ್ಲಿ ಅದು ಬಂದಾಗ ಅದರಲ್ಲಿ ಎಮ್ಮೆಟ್ ಟಿಲ್ ಉಳಿದಿರಲಿಲ್ಲ. 1958ರಲ್ಲಿ ಸರ್ಲಿಂಗ್ ಮತ್ತೊಮ್ಮೆ ಪ್ರಯತ್ನ ಮಾಡಿದರು. ಆಗಲೂ ಕಥೆಯನ್ನು ಹಿಂದಿನ ಶತಮಾನಕ್ಕೆ ತಳ್ಳಿ, ಸತ್ತವನನ್ನು ಮೆಕ್ಸಿಕೋದವನನ್ನಾಗಿ ಮಾಡಬೇಕಾಯ್ತು.

ನೇರವಾಗಿ ಹೇಳೋಕೆ ಬಿಡಲ್ಲ ಅಂದ್ರೆ ಏನು ಮಾಡೋದು? ನಮ್ಮಲ್ಲಿ ಇದಕ್ಕೆ ಹಳೇ ಉತ್ತರ ಇದೆ. ಪಂಚತಂತ್ರದಲ್ಲಿ ರಾಜನ ತಪ್ಪನ್ನು ಸಿಂಹದ ತಲೆಗೆ ಕಟ್ಟಿ ಹೇಳ್ತಾರೆ. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ ನಗಿಸ್ತಾ ನಗಿಸ್ತಾನೇ ದೊಡ್ಡವರ ಕಾಲೆಳೀತಾನೆ. ಸರ್ಲಿಂಗ್ ಕಂಡುಕೊಂಡ ದಾರಿಯೂ ಅದೇ. ಸಿಂಹದ ಬದಲು ಅನ್ಯಗ್ರಹದವರನ್ನು ತಂದರು. ಇಂದಿನ ಊರಿನ ಬದಲು ಮುಂದೆಂದೋ ಬರುವ ಊರು. ಮಂಗಳ ಗ್ರಹದವನು ಆಡಿದ ಮಾತಿಗೆ ಯಾವ ಗ್ರಾಹಕ ಸಿಟ್ಟಾಗ್ತಾನೆ?

ಹೀಗೆ 1959ರ ಅಕ್ಟೋಬರ್ 2ರಂದು ದಿ ಟ್ವೈಲೈಟ್ ಜೋನ್ ಶುರುವಾಯ್ತು. ಇನ್ನು ಟಿವಿಗೆ ಗಂಭೀರವಾದದ್ದನ್ನು ಬರೆಯೋದೇ ಬಿಟ್ಟರಾ ಎಂಬ ಧಾಟಿಯ ಪ್ರಶ್ನೆಯನ್ನು ಅವರು ಅದಕ್ಕೂ ಮುಂಚೆಯೇ ಒಂದು ಸಂದರ್ಶನದಲ್ಲಿ ಎದುರಿಸಿದ್ದರು. ಐದು ವರ್ಷ, 156 ಎಪಿಸೋಡು. ಅದರಲ್ಲಿ 92 ಅವರೇ ಬರೆದದ್ದು. ಬರೆದದ್ದು ಅನ್ನೋದಕ್ಕಿಂತ ಹೇಳಿದ್ದು ಅನ್ನಬೇಕು. ಡಿಕ್ಟೇಟಿಂಗ್ ಮಷೀನಿಗೆ ಎಲ್ಲ ಪಾತ್ರಗಳ ಮಾತನ್ನೂ ಬಾಯಲ್ಲಿ ಹೇಳುತ್ತಿದ್ದರು, ಸೆಕ್ರೆಟರಿ ಟೈಪ್ ಮಾಡುತ್ತಿದ್ದರು. ಕಾರಿನಲ್ಲಿ ಎರಡು ತಾಸು ಬಿಡದೆ ಮಾತಾಡಿದ ಹುಡುಗನಿಗೆ ಇದು ಹೇಳಿಮಾಡಿಸಿದ ಕೆಲಸ! ಪ್ರಾಯೋಜಕರು ಭೂತ, ರಾಕೆಟ್ಟು ಅಂತ ನೋಡಿ ಸುಮ್ಮನಾದರು. ಒಳಗೆ ಜನಾಂಗ ದ್ವೇಷ, ಯುದ್ಧ, ಸರ್ವಾಧಿಕಾರ ಎಲ್ಲ ಇತ್ತು.

ಮೇಪಲ್ ಸ್ಟ್ರೀಟಿನಲ್ಲಿ ಇರೋದೂ ಅದೇ. 1960ರ ಮಾರ್ಚ್ 4ರಂದು ಬಂದ ಎಪಿಸೋಡು. ಕರೆಂಟು ಹೋದ ಬೀದಿಯಲ್ಲಿ ಒಬ್ಬ ಹುಡುಗ, ತಾನು ಓದಿದ ಕಥೆಯಲ್ಲಿ ಅನ್ಯಗ್ರಹದವರು ಬರೋಕೆ ಮುಂಚೆ ಮನುಷ್ಯರ ಹಾಗೇ ಕಾಣೋ ಒಂದು ಸಂಸಾರವನ್ನು ಕಳಿಸಿರ್ತಾರೆ ಅಂತಾನೆ. ಅಷ್ಟೇ ಸಾಕಾಯ್ತು. ಒಬ್ಬರ ಕಾರು ತಾನಾಗಿ ಸ್ಟಾರ್ಟ್ ಆಯ್ತು, ಹಾಗಾದ್ರೆ ಅವರೇ. ಮತ್ತೊಬ್ಬರು ಮನೆಯಲ್ಲಿ ರೇಡಿಯೋ ಕಟ್ಟುತ್ತಾರೆ, ಹಾಗಾದ್ರೆ ಇವರೇ. ಪಕ್ಕದ ಬೀದಿ ನೋಡಿಕೊಂಡು ಕತ್ತಲಲ್ಲಿ ವಾಪಸ್ ಬರುತ್ತಿದ್ದ ನೆರೆಯವನಿಗೇ ಗುಂಡು ಹೊಡೆಯುತ್ತಾರೆ. ಕೊನೆಗೆ ಗುಡ್ಡದ ಮೇಲೆ ನಿಜವಾದ ಅನ್ಯಗ್ರಹದವರು ಕಾಣುತ್ತಾರೆ. ಅವರು ಮಾಡಿದ್ದು ಕರೆಂಟು ತೆಗೆದದ್ದು ಮಾತ್ರ. ಉಳಿದದ್ದನ್ನು ಬೀದಿಯ ಜನರೇ ಮಾಡಿಕೊಂಡರು.

ಎಪಿಸೋಡ್ ಮುಗಿದಾಗ ನಾವ್ಯಾರೂ ಮಾತಾಡಲಿಲ್ಲ. ಮೊದಲು ನೆನಪಾಗಿದ್ದು ಬೀದರ್. 2018ರ ಜುಲೈನಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ಹಳ್ಳಿಯ ಮಕ್ಕಳಿಗೆ ಚಾಕಲೇಟು ಕೊಟ್ಟಿತು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಎಂಬ ಊರಿನ ಹತ್ತಿರ ಜನ ಸೇರಿ ಹೊಡೆದರು, ಒಬ್ಬರು ಸತ್ತರು. ಅವರು ಸಾಫ್ಟ್‌ವೇರ್ ಇಂಜಿನಿಯರ್. ನಾಳೆ ನಾವೂ ಆಗಬೇಕು ಅಂತಿರೋದು ಅದೇ.

ಆಮೇಲೆ ನೆನಪಾಗಿದ್ದು ನಮ್ಮದೇ ಕಥೆ. ಮೊದಲ ವರ್ಷ ನಮ್ಮ ಫ್ಲೋರ್‌ನಲ್ಲಿ ಒಬ್ಬನ ಇಯರ್‌ಬಡ್ಸ್ ಕಾಣೆಯಾಯ್ತು. ರೂಮು ಗುಡಿಸೋಕೆ ಹೊಸದಾಗಿ ಬರುತ್ತಿದ್ದ ಹುಡುಗನ ಮೇಲೆ ಯಾರೋ ಗ್ರೂಪಿನಲ್ಲಿ ಅನುಮಾನ ಹಾಕಿದರು. ಆ ಮೆಸೇಜಿಗೆ ನಾವು ನಾಲ್ಕೂ ಜನ ಹೆಬ್ಬೆಟ್ಟು ಒತ್ತಿದ್ವಿ. ಎರಡು ದಿನಕ್ಕೆ ಆ ಹುಡುಗ ಬರೋದು ನಿಂತುಹೋಯ್ತು. ವಾರದ ಮೇಲೆ ಇಯರ್‌ಬಡ್ಸ್ ಒಗೆಯೋಕೆ ಹಾಕಿದ್ದ ಪ್ಯಾಂಟಿನ ಜೇಬಲ್ಲಿ ಸಿಕ್ಕಿತು. ಸಿಕ್ತು ಅಂತ ಗ್ರೂಪಿನಲ್ಲಿ ಹಾಕಿದರು, ಅದಕ್ಕೂ ಹೆಬ್ಬೆಟ್ಟು ಒತ್ತಿದ್ವಿ. ಆ ಹುಡುಗನ ಹೆಸರು ನಮಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಸರ್ಲಿಂಗ್ ಅವರ ಮುಂದಿನ ಬದುಕನ್ನು ಬೇಗ ಹೇಳಿಬಿಡ್ತೀವಿ. 1964ರಲ್ಲಿ ಸರಣಿ ನಿಂತಿತು. ಇದರಿಂದ ಇನ್ನು ದುಡ್ಡು ಹುಟ್ಟಲ್ಲ ಅಂದುಕೊಂಡು ತಮ್ಮ ಪಾಲಿನ ಹಕ್ಕನ್ನು ಸಿಬಿಎಸ್‌ಗೇ ಮಾರಿಬಿಟ್ಟರು. ಮರುಪ್ರಸಾರದಲ್ಲಿ ಅದು ವರ್ಷಾನುಗಟ್ಟಲೆ ದುಡಿಯಿತು, ಅವರಿಗೆ ಆ ಲಾಭ ಸಿಗಲಿಲ್ಲ. 1968ರ ಪ್ಲಾನೆಟ್ ಆಫ್ ದಿ ಏಪ್ಸ್ ಸಿನಿಮಾಗೆ ಮೈಕಲ್ ವಿಲ್ಸನ್ ಜೊತೆ ಚಿತ್ರಕಥೆ ಬರೆದರು. ನೈಟ್ ಗ್ಯಾಲರಿ ಎಂಬ ಇನ್ನೊಂದು ಸರಣಿ ಬಂತು, ಅದರ ಮೊದಲ ಚಿತ್ರದ ಒಂದು ಭಾಗವನ್ನು ನಿರ್ದೇಶಿಸಿದ್ದು ಆಗಿನ್ನೂ ಹೊಸ ಹುಡುಗನಾಗಿದ್ದ ಸ್ಟೀವನ್ ಸ್ಪೀಲ್‌ಬರ್ಗ್. ಕೊನೆಯ ವರ್ಷಗಳಲ್ಲಿ ಇಥಾಕಾ ಕಾಲೇಜಿನಲ್ಲಿ ನಮ್ಮ ವಯಸ್ಸಿನವರಿಗೆ ಪಾಠ ಮಾಡಿದರು. ಸಿಗರೇಟು ಮಾತ್ರ ಬಿಡಲಿಲ್ಲ. 1975ರಲ್ಲಿ ಹೃದಯಾಘಾತವಾಗಿ, ಶಸ್ತ್ರಚಿಕಿತ್ಸೆಯ ನಂತರ ಜೂನ್ 28ರಂದು ರಾಚೆಸ್ಟರ್‌ನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಪ್ಪನ ಹಾಗೇ ಹೃದಯದ ತೊಂದರೆ. ವಯಸ್ಸು 50.

ಬುಕ್ಕಸಾಗರದ ಆ ರಾತ್ರಿ ಕರೆಂಟು ಬರೋಕೆ ಇನ್ನೂ ಹೊತ್ತಿತ್ತು. ಅಜ್ಜಿ ಕಂದೀಲು ಹಿಡಿದು ಮಾಳಿಗೆಗೆ ಬಂದು, ಆ ಬೀದಿಯವರಿಗೆ ಕೊನೆಗೆ ಏನಾಯ್ತು ಅಂತ ಕೇಳಿದರು. ಇಂಗ್ಲಿಷ್ ಮೀಡಿಯಂ ನಾಲಿಗೆಯಲ್ಲಿ ತಡವರಿಸುತ್ತಾ ಪೂರ್ತಿ ಕಥೆ ಕನ್ನಡದಲ್ಲಿ ಹೇಳಿದ್ವಿ. ಟ್ವೈಲೈಟ್ ಅನ್ನೋದಕ್ಕೆ ಮುಸ್ಸಂಜೆ ಅಂತ ಅಜ್ಜಿಯೇ ಪದ ಕೊಟ್ಟರು. ಕಥೆ ಕೇಳಿ ಅವರಿಗೆ ಆಶ್ಚರ್ಯ ಏನೂ ಆಗಲಿಲ್ಲ. ಗುಂಡು ತಾಗಿದವನ ಹೆಂಡತಿ ಮಕ್ಕಳಿಗೆ ಆಮೇಲೆ ಏನಾಯ್ತು ಅಂತ ಕೇಳಿದರು. ಅದು ಎಪಿಸೋಡಿನಲ್ಲಿ ಇಲ್ಲ ಅಂದ್ವಿ. ಸಾರಥಿ ಅದನ್ನೂ ಹೇಳಬೇಕಿತ್ತು ಅಂತ ಬೇಜಾರು ಮಾಡಿಕೊಂಡು ಕೆಳಗೆ ಹೋದರು.

ಹಾಸ್ಟೆಲಿಗೆ ವಾಪಸ್ ಬಂದ ಮೇಲೆ ನಾವು ಮಾಡಿದ ಮೊದಲ ಕೆಲಸ, ಆ ಗುಡಿಸೋ ಹುಡುಗನ ಹೆಸರೇನು, ಈಗ ಎಲ್ಲಿದ್ದಾನೆ ಅಂತ ವಿಚಾರಿಸಿದ್ದು. ಇನ್ನೂ ಪತ್ತೆಯಾಗಿಲ್ಲ. ಕೇಳ್ತಾ ಇದ್ದೀವಿ. ನೀವ್ಯಾರಾದ್ರೂ ಟ್ವೈಲೈಟ್ ಜೋನ್ ನೋಡಿಲ್ಲ ಅಂದ್ರೆ ಈ ಎಪಿಸೋಡಿನಿಂದಲೇ ಶುರು ಮಾಡಿ. ಇಪ್ಪತ್ತೈದೇ ನಿಮಿಷ. ನೋಡುವಾಗ ದೀಪ ಆರಿಸಿಕೊಳ್ಳಿ.