ನಿಕೊಲಾಯ್ ಅನಿಚ್ಕೋವ್ ಮತ್ತು ಅವರ ಮೊಲಗಳು

ಕಳೆದ ವರ್ಷ ಹೊಗೆಸೊಪ್ಪು ಹದಮಾಡುವ ದಿನಗಳಲ್ಲಿ ನಮ್ಮ ತಂದೆಯವರು ಬ್ಯಾರನ್ನಿನ ಮುಂದೆ ಎದೆ ಹಿಡಿದು ಕುಳಿತುಬಿಟ್ಟರು. ಹುಣಸೂರಿನಿಂದ ಮೈಸೂರಿಗೆ ಕರೆದೊಯ್ದೆವು, ಪುಣ್ಯಕ್ಕೆ ಉಳಿದರು. ವೈದ್ಯರು ಕೊಟ್ಟ ಚೀಟಿಯನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. ಅದರಲ್ಲಿದ್ದ ಎಲ್.ಡಿ.ಎಲ್. ಎಂಬ ಮೂರಕ್ಷರಗಳ ಜಾಡು ಹಿಡಿದು ಹೋದಾಗ ನನಗೆ ದೊರೆತವರು ರಷ್ಯಾ ದೇಶದ ನಿಕೊಲಾಯ್ ಅನಿಚ್ಕೋವ್. ಕಲಾವಿಭಾಗದವನಾದ ನಾನು ವಿಜ್ಞಾನದ ಹೊಸಿಲು ತುಳಿದುದನ್ನು ವಾಚಕರು ಮನ್ನಿಸಬೇಕು.

ಅನಿಚ್ಕೋವರು 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಕುಲೀನ ಮನೆತನವೊಂದರಲ್ಲಿ ಜನಿಸಿ, ಅಲ್ಲಿಯ ಸೈನಿಕ ವೈದ್ಯವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದರು. ರಕ್ತನಾಳ ಗಡುಸಾಗುವುದು ಮುಪ್ಪಿನ ಧರ್ಮವೆಂದೇ ಆಗಿನ ಪಂಡಿತರ ನಂಬಿಕೆ. 1908ರಲ್ಲಿ ಇಗ್ನಟೋವ್‌ಸ್ಕಿ ಎಂಬವರು ಮೊಲಗಳಿಗೆ ಮಾಂಸ, ಹಾಲು, ಮೊಟ್ಟೆ ತಿನ್ನಿಸಿ, ಅವುಗಳ ನಾಳಗಳು ಕೆಡುವುದನ್ನು ಕಂಡರು. ಆದರೆ ತಪ್ಪನ್ನು ಸಸಾರಜನಕದ ಮೇಲೆ ಹೊರಿಸಿದರು. ಅನಿಚ್ಕೋವರು ತಮ್ಮ ಸಂಗಡಿಗ ಖಲಾತೋವರೊಡನೆ ಶುದ್ಧ ಕೊಲೆಸ್ಟರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ಉಣಿಸಿದರು. ಬರಿಯ ಎಣ್ಣೆ ಉಂಡ ಮೊಲಗಳಿಗೆ ಏನೂ ಆಗಲಿಲ್ಲ. ಕೊಲೆಸ್ಟರಾಲ್ ಬೆರೆತ ಎಣ್ಣೆ ಉಂಡವುಗಳ ಮಹಾಧಮನಿಯ ಒಳಗೋಡೆಯಲ್ಲಾದರೋ, ಮನುಷ್ಯರಲ್ಲಿ ಕಾಣುವಂಥದೇ ಕೊಬ್ಬು ಕಟ್ಟಿತ್ತು. ಇದು ಪ್ರಕಟವಾದುದು 1913ರಲ್ಲಿ. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ.

ಲೋಕ ತಲೆದೂಗಬೇಕಾಗಿತ್ತು, ತೂಗಲಿಲ್ಲ. ಇಲಿ, ನಾಯಿಗಳ ಮೇಲೆ ಅದೇ ಪ್ರಯೋಗ ಮಾಡಿದವರಿಗೆ ರೋಗ ಕಾಣಲಿಲ್ಲ. ಸೊಪ್ಪು ತಿನ್ನುವ ಪ್ರಾಣಿಗೆ ಒಗ್ಗದ ಆಹಾರ ತುರುಕಿದರೆ ಇನ್ನೇನಾದೀತು ಎಂದು ಹಲವರು ತಳ್ಳಿಹಾಕಿದರು. ಈ ಆಕ್ಷೇಪಣೆ ಮೂರ್ಖತನದ್ದಲ್ಲ ಎಂದೇ ನನ್ನ ಎಣಿಕೆ. ಆದರೆ ಇಲಿ, ನಾಯಿಗಳ ದೇಹವು ಕೊಲೆಸ್ಟರಾಲನ್ನು ಪಿತ್ತಾಮ್ಲವಾಗಿ ಮಾರ್ಪಡಿಸಿಬಿಡುವುದರಿಂದ ಅದು ರಕ್ತದಲ್ಲಿ ಏರುವುದಿಲ್ಲವೆಂಬುದು ಆಮೇಲೆ ತಿಳಿಯಿತು.

1946ರಿಂದ 1953ರವರೆಗೆ ಅನಿಚ್ಕೋವರು ಸೋವಿಯತ್ ವೈದ್ಯವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು, 1964ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅಮೆರಿಕೆಯ ಗಾಫ್‌ಮನ್, ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತು ತಿರುಗುವ ಲೈಪೋಪ್ರೋಟೀನುಗಳನ್ನು ಅತಿವೇಗದ ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸಿ, 1950ರಲ್ಲಿ ವರದಿ ಮಾಡಿದ್ದರು. ಎಲ್.ಡಿ.ಎಲ್. ಅಂಥ ಒಂದು ಕಣ. ಅದನ್ನು ಜೀವಕೋಶದೊಳಕ್ಕೆ ಬರಮಾಡಿಕೊಳ್ಳುವ ಬಾಗಿಲನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಸೋಜಿಗವೆಂದರೆ, ನೆಗಡಿಯ ವೈರಸ್ಸುಗಳಲ್ಲಿ ಕೆಲವು ಇದೇ ಬಾಗಿಲಿನಿಂದ ಒಳಕ್ಕೆ ನುಸುಳುತ್ತವೆಂದು 1994ರಲ್ಲಿ ಗೊತ್ತಾಯಿತು. ಮನೆಯವರಿಗೆಂದು ತೆರೆದ ಬಾಗಿಲಲ್ಲಿ ಕಳ್ಳನೂ ನುಗ್ಗಿದಂತೆ!

ಅನಿಚ್ಕೋವರ ಇನ್ನೊಂದು ಕೆಲಸವನ್ನು ಕೊನೆಗೆಂದೇ ಉಳಿಸಿಕೊಂಡಿದ್ದೇನೆ. ರೋಗ ಹತ್ತಿದ ಮೊಲಗಳನ್ನು ಅವರು ಮತ್ತೆ ಹಳೆಯ ಮೇವಿಗೆ ಬಿಟ್ಟು, ಬಹುಕಾಲ ಕಾದು ನೋಡಿದರು. ನಾಳದ ಗೋಡೆಯ ಕೊಬ್ಬು ನಿಧಾನವಾಗಿ ಇಳಿಯಿತು. ಗಾಯದ ಕಲೆಯಂಥ ನಾರು ಮಾತ್ರ ಉಳಿಯಿತು. ಇದನ್ನು ಒಂದು ಸಂಜೆ ತಂದೆಯವರಿಗೆ ಓದಿ ಹೇಳಿದೆ. ಅವರು ಮಾತಾಡಲಿಲ್ಲ. ಮಾತ್ರೆಯನ್ನು ಮೊದಲೇ ತಪ್ಪದೆ ನುಂಗುತ್ತಿದ್ದರು. ಬೀಡಿಯನ್ನು ಅಂದಿನಿಂದ ಬಿಟ್ಟರು. ಈಚೆಗೆ ಪಿರಿಯಾಪಟ್ಟಣದ ನೆಂಟರ ಮನೆಯ ಬಾಡೂಟದಲ್ಲಿ ಬರಿಯ ಮುದ್ದೆ, ಸೊಪ್ಪಿನ ಸಾರು ಹಾಕಿಸಿಕೊಂಡರು. ಏಕೆಂದು ಯಾರೋ ಕೇಳಿದುದಕ್ಕೆ, ಮೊಲಗಳ ಕಥೆ ಹೇಳೆಂದು ಪಂಕ್ತಿಯ ನಡುವೆ ನನ್ನನ್ನು ಕೂಗಿದರು.